ಗಿಡ ಬೆಳೆದಿದೆ, ಹಣ್ಣಿಲ್ಲ: ಬೆಳಗಾವಿಯ ಹಿತ್ತಲಿನಲ್ಲಿ ನೆಕ್ಟರಿನ್

ಪ್ರಶ್ನೆ: ನಮ್ಮ ಮನೆ ಬೆಳಗಾವಿಯ ಹಿಂದವಾಡಿಯಲ್ಲಿದೆ. ನಾಲ್ಕು ವರ್ಷಗಳ ಹಿಂದೆ ಪೇಟೆಯಿಂದ ತಂದ ನೆಕ್ಟರಿನ್ ಹಣ್ಣಿನ ಓಟೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡೂವರೆ ತಿಂಗಳು ಫ್ರಿಜ್ಜಿನಲ್ಲಿಟ್ಟು ಮೊಳಕೆ ಬರಿಸಿದೆ. ಅದರಲ್ಲಿ ಒಂದು ಗಿಡ ಈಗ ಒಂಬತ್ತು ಅಡಿ ಎತ್ತರವಾಗಿದೆ. ಕೊಂಬೆಗಳ ತುದಿಯಲ್ಲಿ ಮಾತ್ರ ಎಲೆಗಳಿವೆ, ನಡುವೆಲ್ಲ ಬೋಳು. ಕಳೆದ ಮಾರ್ಚಿನಲ್ಲಿ ಏಳೆಂಟು ಹೂ ಬಿಟ್ಟು ಎಲ್ಲವೂ ಉದುರಿದವು. ಚಳಿ ಸಾಲದು ಎಂದು ಕೆಲವರು ಹೇಳುತ್ತಾರೆ. ಬುಡಕ್ಕೆ ಐಸ್ ಹಾಕಿದರೆ ಆದೀತೇ? ಬಾಗಲಕೋಟೆ ಜಿಲ್ಲೆಯ ಕುಳಲಿಯಲ್ಲಿ ಸೇಬು ಬೆಳೆದ ಸುದ್ದಿ ಓದಿದ್ದೇನೆ, ಹಾಗಿರುವಾಗ ಇಲ್ಲಿ ಇದೇಕೆ ಫಲ ಕೊಡುತ್ತಿಲ್ಲ? ವಿಜಯಪುರದಲ್ಲಿರುವ ನನ್ನ ತಂಗಿಯೂ ಒಂದು ಸಸಿ ಕೇಳುತ್ತಿದ್ದಾಳೆ. ಈ ಗಿಡವನ್ನು ಕಡಿದು ಬೇರೆ ತರಬೇಕೇ?

ಉತ್ತರ: ಮೊದಲಿಗೆ, ಗಿಡವನ್ನು ಕಡಿಯಬೇಡಿ. ಅದರಿಂದ ಒಂದು ಕೆಲಸವಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ಉತ್ತರದ ಅರ್ಧ ಭಾಗ ನೀವೇ ಮಾಡಿದ ಕೆಲಸದಲ್ಲಿದೆ. ಓಟೆಯನ್ನು ಎರಡೂವರೆ ತಿಂಗಳು ಫ್ರಿಜ್ಜಿನಲ್ಲಿ ಇಟ್ಟದ್ದೇಕೆ? ತಂಪಿನಲ್ಲಿ ಅಷ್ಟು ದಿನ ಕಳೆಯದೆ ಅದರೊಳಗಿನ ಬೀಜ ಮೊಳೆಯುವುದಿಲ್ಲ ಎಂಬ ಕಾರಣಕ್ಕೆ. ಹಿಮ ಬೀಳುವ ಸೀಮೆಯಲ್ಲಿ ಚಳಿಗಾಲಕ್ಕೆ ಮುಂಚೆ ಮೊಳೆತ ಸಸಿ ಸತ್ತುಹೋಗುತ್ತದೆ. ಆದ್ದರಿಂದ ಚಳಿಗಾಲ ಪೂರ್ತಿ ಕಳೆಯಿತೆಂದು ಖಾತ್ರಿಯಾಗುವವರೆಗೆ ಬೀಜ ಮಲಗಿರುತ್ತದೆ. ಅದೇ ಎಚ್ಚರಿಕೆ ಗಿಡದ ಪ್ರತಿಯೊಂದು ಮೊಗ್ಗಿನಲ್ಲಿಯೂ ಇದೆ. ನೀವು ಬೀಜಕ್ಕೆ ಚಳಿಗಾಲವನ್ನು ಕೊಟ್ಟಿರಿ, ಅದು ಎದ್ದಿತು. ಆ ಬೀಜದಿಂದ ಬಂದ ಗಿಡ ಈಗ ಪ್ರತಿ ವರ್ಷ ಅಂಥದ್ದೇ ಚಳಿಗಾಲವನ್ನು ಕಾಯುತ್ತಿದೆ, ಅದು ಬರುತ್ತಿಲ್ಲ.

ತುದಿಯಲ್ಲಿ ಮಾತ್ರ ಎಲೆ, ನಡುವೆ ಬೋಳು, ಹಂಗಾಮು ತಪ್ಪಿ ಬಿಡಿಬಿಡಿಯಾಗಿ ಬಂದು ಉದುರುವ ಹೂಗಳು, ಇವು ಚಳಿ ಸಾಲದ ಪೀಚ್ ಜಾತಿಯ ಗಿಡದ ಸ್ಪಷ್ಟ ಲಕ್ಷಣಗಳು. ಗೊಬ್ಬರದ ಕೊರತೆಯೂ ಅಲ್ಲ, ರೋಗವೂ ಅಲ್ಲ. ಇಂಥ ಗಿಡಕ್ಕೆ ಯೂರಿಯಾ ಹಾಕುತ್ತ ಹೋದರೆ ತುದಿಯ ಚಿಗುರು ಮತ್ತಷ್ಟು ಉದ್ದವಾಗುತ್ತದೆ, ಮೊಗ್ಗು ಏಳುವುದಿಲ್ಲ.

ನೆಕ್ಟರಿನ್ ಎಂಬುದು ಬೇರೆ ಜಾತಿಯ ಹಣ್ಣಲ್ಲ. ಪೀಚ್ ಹಣ್ಣಿನ ಸಿಪ್ಪೆಯ ಮೇಲಿನ ನವಿರಾದ ರೋಮವನ್ನು ಒಂದೇ ಒಂದು ವಂಶವಾಹಿ ನಿರ್ಧರಿಸುತ್ತದೆ. ಆ ವಂಶವಾಹಿಯ ಹಿಂಜರಿದ ರೂಪ ತಂದೆ ತಾಯಿ ಎರಡೂ ಕಡೆಯಿಂದ ಬಂದಾಗ ಸಿಪ್ಪೆ ನುಣುಪಾಗುತ್ತದೆ, ಅದೇ ನೆಕ್ಟರಿನ್. ಹೀಗಾಗಿ ಪೀಚಿನ ಓಟೆಯಿಂದ ನೆಕ್ಟರಿನ್ ಹುಟ್ಟಬಹುದು, ಪೀಚ್ ಮರದ ಒಂದು ಕೊಂಬೆ ತಾನಾಗಿ ಬದಲಾಗಿ ನೆಕ್ಟರಿನ್ ಬಿಟ್ಟ ಉದಾಹರಣೆಗಳೂ ಉಂಟು. ಎರಡಕ್ಕೂ ಬೇಸಾಯ ಒಂದೇ, ಚಳಿಯ ಬೇಡಿಕೆಯ ನಿಯಮವೂ ಒಂದೇ.

ಈ ಬೇಡಿಕೆಯನ್ನು ತಾಸುಗಳಲ್ಲಿ ಎಣಿಸುತ್ತಾರೆ. ಗಾಳಿಯ ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವ ಒಂದೊಂದು ತಾಸನ್ನೂ ಒಂದು ಚಳಿಯ ತಾಸು ಎಂದು ಹಿಡಿಯುವುದು ಹಳೆಯ, ಸರಳ ಕ್ರಮ. ತಂಪು ದೇಶಗಳ ಹೆಚ್ಚಿನ ನೆಕ್ಟರಿನ್ ತಳಿಗಳಿಗೆ 500ರಿಂದ 1,000 ತಾಸು ಬೇಕು. ಪೇಟೆಗೆ ಬರುವ ಹಣ್ಣು ಹಿಮಾಚಲ ಪ್ರದೇಶದ ಎತ್ತರದ ತೋಟದ್ದಿರಲಿ, ಹಡಗಿನಲ್ಲಿ ಬಂದ ಹೊರದೇಶದ್ದಿರಲಿ, ಅದರ ಓಟೆಯಲ್ಲಿ ಬಹುಮಟ್ಟಿಗೆ ಇಂಥ ವಂಶವೇ ಇರುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಇಲ್ಲಿನ ಕನಿಷ್ಠ ಉಷ್ಣತೆ ಸಾಮಾನ್ಯವಾಗಿ 13ರಿಂದ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, 10ಕ್ಕಿಂತ ಕೆಳಗಿಳಿಯುವ ರಾತ್ರಿಗಳು ಅಪರೂಪ. ಅಂದರೆ ಆ ಹಳೆಯ ಲೆಕ್ಕದಲ್ಲಿ ನಮ್ಮ ಖಾತೆಗೆ ಜಮೆಯಾಗುವುದು ಹೆಚ್ಚುಕಡಿಮೆ ಸೊನ್ನೆ. ದಕ್ಷಿಣ ಭಾರತದಲ್ಲಿ ಪೀಚ್ ನೆಲೆಯೂರಿದ ಜಾಗಗಳು ನೀಲಗಿರಿ ಮತ್ತು ಕೊಡೈಕನಾಲ್ ಬೆಟ್ಟಗಳು. ಕೂನೂರು ಸುಮಾರು 1,850 ಮೀಟರ್ ಎತ್ತರದಲ್ಲಿದೆ, ಸಾವಿರ ಮೀಟರ್ ಏರಿದರೆ ಉಷ್ಣತೆ ಸರಿಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದನ್ನು ನೆನೆದರೆ ಅಲ್ಲಿಗೂ ಇಲ್ಲಿಗೂ ಇರುವ ಅಂತರ ತಿಳಿಯುತ್ತದೆ.

ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ, ನಿಮಗೆ ಆಶೆ ಇರುವುದೂ ಇಲ್ಲಿಯೇ. ಅಲ್ಪ ಚಳಿ ಸಾಕೆನ್ನುವ ತಳಿಗಳ ಮೊಗ್ಗುಗಳು 10ರಿಂದ 13 ಡಿಗ್ರಿಯ ತಂಪನ್ನು ಕೂಡ ಸ್ವಲ್ಪಮಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತವೆ. ಇನ್ನೊಂದು ಕಡೆ, ಹಗಲು 20 ಡಿಗ್ರಿ ದಾಟಿ ಬಹಳ ಹೊತ್ತು ಬಿಸಿಯಾಗಿದ್ದರೆ, ಹಿಂದಿನ ರಾತ್ರಿ ಕೂಡಿಟ್ಟ ಚಳಿಯಲ್ಲಿ ಒಂದು ಪಾಲು ಅಳಿಸಿಹೋಗುತ್ತದೆ. ವಿಜಯಪುರದಲ್ಲಿ ಕೆಲವು ವರ್ಷ ಡಿಸೆಂಬರಿನ ರಾತ್ರಿಗಳು ಬೆಳಗಾವಿಗಿಂತಲೂ ತಣ್ಣಗಾಗಿ ಒಂದಂಕಿಗೆ ಇಳಿಯುವುದುಂಟು. ಆದರೂ ಮರುದಿನ ಮಧ್ಯಾಹ್ನದ 29–30 ಡಿಗ್ರಿ ಬಿಸಿಲು ಆ ಗಳಿಕೆಯನ್ನು ನುಂಗಿಬಿಡುತ್ತದೆ.

ಐಸ್ ಹಾಕುವ ವಿಚಾರಕ್ಕೆ ಬರುತ್ತೇನೆ. ಚಳಿ ತಗಲಬೇಕಾದದ್ದು ಕೊಂಬೆಯ ಮೇಲಿನ ಮೊಗ್ಗಿಗೆ, ಬೇರಿಗಲ್ಲ. ಬುಡದಲ್ಲಿ ಸುರಿದ ಐಸು ಕರಗುವವರೆಗೆ ಮಣ್ಣನ್ನು ತಣ್ಣಗೆ ಮಾಡುತ್ತದೆ, ಎಂಟು ಅಡಿ ಮೇಲಿರುವ ಮೊಗ್ಗಿಗೆ ಅದರ ಸುಳಿವೂ ಸಿಗುವುದಿಲ್ಲ. ಖರ್ಚು ಮಾತ್ರ ಉಳಿಯುತ್ತದೆ, ದಯವಿಟ್ಟು ಮಾಡಬೇಡಿ.

ಕುಳಲಿಯ ಸೇಬಿನ ಸುದ್ದಿ ನಿಮ್ಮಲ್ಲಿ ಉತ್ಸಾಹ ಹುಟ್ಟಿಸಿದ್ದು ಸಹಜ. ಆದರೆ ಬಯಲುಸೀಮೆಯಲ್ಲಿ ಸೇಬು ಬೆಳೆಯುವವರು ಶಿಮ್ಲಾದ ಹಣ್ಣಿನ ಬೀಜ ಬಿತ್ತುವುದಿಲ್ಲ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಬಿಸಿ ತಪ್ಪಲಿನಲ್ಲಿ ರೂಪುಗೊಂಡ ಎಚ್‌ಆರ್‌ಎಂಎನ್–99, ಇಸ್ರೇಲಿನ ಅನ್ನಾ, ಇಂಥ ಅಲ್ಪ ಚಳಿಯ ತಳಿಗಳ ಕಸಿ ಸಸಿಗಳಿಂದಲೇ ಬಯಲುಸೀಮೆಯ ಸೇಬು ಸಾಧ್ಯವಾದದ್ದು. ನೆಕ್ಟರಿನ್ ವಿಷಯದಲ್ಲಿಯೂ ತಳಿಯೇ ಮೊದಲ ಮಾತು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ಬಿಸಿ ಸೀಮೆಗಾಗಿ ದಶಕಗಳ ಕಾಲ ಇದೇ ಕೆಲಸ ಮಾಡಿದ್ದಾರೆ. ಅವರ ಹಳೆಯ ಪೀಚ್ ತಳಿಗಳ ಹೆಸರು ‘ಫ್ಲೋರ್ಡಾ’ ಎಂದೂ, ನೆಕ್ಟರಿನ್ ತಳಿಗಳ ಹೆಸರು ‘ಸನ್’ ಎಂದೂ ಶುರುವಾಗುತ್ತದೆ, ನರ್ಸರಿಯ ಪಟ್ಟಿ ನೋಡುವಾಗ ಈ ಗುರುತು ಉಪಯೋಗಕ್ಕೆ ಬರುತ್ತದೆ. ಫ್ಲೋರ್ಡಾಪ್ರಿನ್ಸ್ ಪೀಚಿಗೆ ಸುಮಾರು 150 ತಾಸು ಸಾಕು. ಸನ್‌ರೆಡ್, ಸನ್‌ರೇಸರ್ ನೆಕ್ಟರಿನ್‌ಗಳಿಗೆ 250ರಿಂದ 300 ಬೇಕು. ಉತ್ತರ ಭಾರತದ ನರ್ಸರಿಗಳಲ್ಲಿ ಸಿಗುವ ಸ್ನೋ ಕ್ವೀನ್ ನೆಕ್ಟರಿನ್ ಕೂಡ ಇದೇ ಮಟ್ಟದ್ದು. ಪಂಜಾಬಿನ ಬಯಲಿನಲ್ಲಿ ಫ್ಲೋರ್ಡಾಪ್ರಿನ್ಸ್, ಅರ್ಲಿ ಗ್ರ್ಯಾಂಡ್, ಶಾನ್–ಎ–ಪಂಜಾಬ್ ಪೀಚುಗಳು ರೂಢಿಯಲ್ಲಿವೆ.

ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ನನ್ನ ಅಭಿಪ್ರಾಯ ಹೇಳುವುದಾದರೆ, ಬೆಳಗಾವಿಯಲ್ಲಿ ಮೊದಲು ಒಂದು ಫ್ಲೋರ್ಡಾಪ್ರಿನ್ಸ್ ಪೀಚ್ ನೆಡಿ, ಅದರ ಜೊತೆಗೆ ಬೇಕಾದರೆ ಒಂದು ನೆಕ್ಟರಿನ್ ಇರಲಿ. ಚಳಿಯ ಬೇಡಿಕೆ ಕಡಿಮೆ ಎಂಬುದು ಒಂದು ಕಾರಣ. ಎರಡನೆಯದಾಗಿ, ರೋಮವಿಲ್ಲದ ನೆಕ್ಟರಿನ್ ಸಿಪ್ಪೆ ಬಹಳ ನಾಜೂಕು, ಥ್ರಿಪ್ಸ್ ನುಸಿ ಕೆರೆದ ಗೀರು, ಎಲೆ ಉಜ್ಜಿದ ಕಲೆ, ಅವಕಾಳಿ ಮಳೆಗೆ ಒಡೆದ ಬಿರುಕು, ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ಎರಡೂ ಸ್ವಪರಾಗಸ್ಪರ್ಶದಿಂದ ಕಾಯಿ ಕಟ್ಟುವುದರಿಂದ ಒಂದೇ ಗಿಡವಿದ್ದರೂ ಅಡ್ಡಿಯಿಲ್ಲ.

ಅಲ್ಪ ಚಳಿಯ ತಳಿ ತಂದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ ಎಂದು ನೀವು ಕೇಳಬಹುದು, ಆ ಮಾತು ಸರಿ. ಉಳಿದ ಕೊರತೆಯನ್ನು ತುಂಬುವ ವಿದ್ಯೆ ನಮ್ಮ ಜಿಲ್ಲೆಗಳ ರೈತರಿಗೆ ಹೊಸದಲ್ಲ. ದ್ರಾಕ್ಷಿಯೂ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿಯೇ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಅದು ಮಲಗುವುದಿಲ್ಲ, ಏಪ್ರಿಲ್ ಚಾಟ್ನಿ (ಬಳ್ಳಿ ಸವರುವಿಕೆ) ಮತ್ತು ಅಕ್ಟೋಬರ್ ಚಾಟ್ನಿಗಳಿಂದ ಅದರ ವರ್ಷವನ್ನು ರೈತರೇ ನಡೆಸುತ್ತಾರೆ. ದಾಳಿಂಬೆಗೆ ನೀರು ತಡೆದು, ಎಲೆ ಉದುರಿಸಿ, ಮತ್ತೆ ನೀರು ಬಿಟ್ಟು ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರ ಎಂದು ಬೇಕಾದ ಹಂಗಾಮಿಗೆ ಹೂ ತರಿಸುತ್ತಾರೆ. ಇಂಡೋನೇಷ್ಯಾದ ಪೂರ್ವ ಜಾವಾದ ಬಾಟು ಎಂಬಲ್ಲಿ ಸಮಭಾಜಕದ ಬಳಿಯೇ ಸೇಬು ಬೆಳೆಯುವವರು ಕೊಯ್ಲಾದ ಸುಮಾರು ಒಂದು ತಿಂಗಳಿಗೆ ಎಲೆಗಳನ್ನೆಲ್ಲ ಕೈಯಿಂದ ಬಿಡಿಸಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಪೀಚಿಗೂ ಉಷ್ಣವಲಯದ ಬೆಟ್ಟಗಳಲ್ಲಿ ಇದೇ ಉಪಾಯ ಬಳಕೆಯಲ್ಲಿದೆ. ಮೊಗ್ಗು ಗಾಢ ನಿದ್ರೆಗೆ ಜಾರಿದ ಮೇಲೆ ಚಳಿಯಿಲ್ಲದೆ ಅದನ್ನು ಎಬ್ಬಿಸುವುದು ಕಷ್ಟ, ಜೋಂಪು ಹತ್ತುವ ಹೊತ್ತಿಗೇ ಎಲೆ ತೆಗೆದರೆ ಅದು ಬೇಗ ಎದ್ದುಬಿಡುತ್ತದೆ. ಎಲೆಗಳಲ್ಲಿ ತಯಾರಾಗುವ, ಮೊಗ್ಗನ್ನು ತಡೆದಿಡುವ ರಸಸತ್ವಗಳು ನಿಂತುಹೋಗುವುದೇ ಇದಕ್ಕೆ ಮುಖ್ಯ ಕಾರಣ.

ಬೆಳಗಾವಿಯ ಹವೆಗೆ ಇದನ್ನು ಹೀಗೆ ಹೊಂದಿಸಿಕೊಳ್ಳಿ. ಸೀಗಿ ಹುಣ್ಣಿಮೆ ಕಳೆದ ಮೇಲೆ ಗೊಬ್ಬರ ಕೊಡುವುದನ್ನು ನಿಲ್ಲಿಸಿ, ನೀರನ್ನು ಕ್ರಮೇಣ ಕಡಿಮೆ ಮಾಡಿ, ಹೊಸ ಚಿಗುರು ನಿಲ್ಲಲಿ. ನವೆಂಬರ್ ಕೊನೆಯ ವಾರದಿಂದ ಎಳ್ಳಮವಾಸ್ಯೆಯವರೆಗಿನ ಅವಧಿಯಲ್ಲಿ, ತಂಪು ಗಾಳಿ ಬೀಸತೊಡಗಿದಾಗ, ಉಳಿದ ಎಲೆಗಳನ್ನು ಒಂದೊಂದಾಗಿ ಕೈಯಿಂದ ಬಿಡಿಸಿ. ತೊಟ್ಟಿನ ಕಂಕುಳಲ್ಲಿರುವ ಮೊಗ್ಗಿಗೆ ಗಾಯವಾಗದಂತೆ ಎಲೆಯನ್ನು ಕೊಂಬೆಯ ತುದಿಯತ್ತ ಎಳೆಯಬೇಕು, ಬುಡದತ್ತ ಎಳೆದರೆ ಮೊಗ್ಗೂ ಕಿತ್ತು ಬರುತ್ತದೆ. ಎಲೆ ತೆಗೆದ ವಾರದೊಳಗೆ ಸವರುವಿಕೆ ಮುಗಿಸಿ, ನಂತರ ಚೆನ್ನಾಗಿ ನೀರು ಕೊಡಿ. ಎಲ್ಲವೂ ಕೂಡಿಬಂದರೆ ಜನವರಿ, ಫೆಬ್ರವರಿಯಲ್ಲಿ ಹೂ ಕಾಣಿಸುತ್ತದೆ. ಈ ತಳಿಗಳ ಕಾಯಿ 80ರಿಂದ 100 ದಿನಗಳಲ್ಲಿ ಹಣ್ಣಾಗುವುದರಿಂದ ಮುಂಗಾರಿಗೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ, ಕೊಯ್ಲು ಮುಗಿಯುತ್ತದೆ. ದ್ರಾಕ್ಷಿ ಚಾಟ್ನಿಯ ನಂತರ ಬಳ್ಳಿಯ ಕಣ್ಣುಗಳಿಗೆ (ಮೊಗ್ಗುಗಳಿಗೆ) ಸವರುವ ಹೈಡ್ರೋಜನ್ ಸಯನಮೈಡ್ ದ್ರಾವಣವನ್ನು ಇದಕ್ಕೂ ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ತೀವ್ರ ವಿಷ, ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ, ಮಕ್ಕಳು ಓಡಾಡುವ ಹಿತ್ತಲಿನಲ್ಲಿ ಅದಕ್ಕೆ ಜಾಗವಿಲ್ಲ.

ಜಾಗದ ಆಯ್ಕೆಯಲ್ಲಿ ಎರಡು ಸಂಗತಿ ನೋಡಿ. ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೇಕು, ಮಾವು, ತೆಂಗಿನ ನೆರಳಿನಲ್ಲಿ ಹೂಮೊಗ್ಗು ಕಟ್ಟುವುದಿಲ್ಲ. ಅದೇ ವೇಳೆಗೆ ಪಶ್ಚಿಮದ ಗೋಡೆ, ಕಾಂಕ್ರೀಟ್ ಅಂಗಳ, ನೀರಿನ ಟಾಕಿ ಇವುಗಳಿಂದ ದೂರವಿರಲಿ, ಏಕೆಂದರೆ ಇವು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿಯೆಲ್ಲ ಬಿಡುತ್ತವೆ, ಇದ್ದ ಅಲ್ಪ ಚಳಿಯೂ ಗಿಡಕ್ಕೆ ದಕ್ಕುವುದಿಲ್ಲ. ಹಿತ್ತಲಿನ ಪೂರ್ವ ದಿಕ್ಕಿನ ತೆರೆದ ಮೂಲೆ ಉತ್ತಮ.

ಮಣ್ಣಿನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ನಮ್ಮ ಕಡೆ ಚಳಿಯ ಕೊರತೆಗಿಂತ ಹೆಚ್ಚು ಪೀಚ್ ಗಿಡಗಳು ನಿಂತ ನೀರಿನಿಂದ ಸಾಯುತ್ತವೆ ಎಂಬುದು ನನ್ನ ಅನುಭವ. ಈ ಗಿಡದ ಬೇರಿನಲ್ಲಿ ಪ್ರುನಾಸಿನ್ ಎಂಬ ವಸ್ತುವಿದೆ. ನೀರು ನಿಂತು ಬೇರಿಗೆ ಗಾಳಿ ಸಿಗದಾದಾಗ ಅದು ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ, ಬೇರು ತನ್ನದೇ ವಿಷದಿಂದ ಸಾಯುತ್ತದೆ. ಬಾಗಲಕೋಟೆಯ ನವನಗರದ ನನ್ನ ಮನೆಯಲ್ಲಿ ಎರೆ ಮಣ್ಣಿದೆ. ಅಲ್ಲಿ ಮೂರು ಅಡಿ ಆಳದ ಗುಂಡಿ ತೋಡಿ, ಕೆಂಪು ಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬಿ, ಬಹಳ ಅಕ್ಕರೆಯಿಂದ ಒಂದು ಪೀಚ್ ನೆಟ್ಟಿದ್ದೆ. ಸುತ್ತಲಿನ ಎರೆ ಮಣ್ಣು ನೀರನ್ನು ಹೊರಬಿಡದೆ ಆ ಗುಂಡಿ ಹೂತಿಟ್ಟ ಹಂಡೆಯಂತಾಯಿತು. ಎರಡನೆಯ ವರ್ಷದ ಹಸ್ತ ಮಳೆಗೆ ನಾಲ್ಕು ದಿನ ನೀರು ನಿಂತದ್ದಕ್ಕೆ ಗಿಡ ಹಸಿರೆಲೆ ಇದ್ದಂತೆಯೇ ಬಾಡಿ ಹೋಯಿತು. ಆ ನಷ್ಟ ನನಗೆ ಇಂದಿಗೂ ನೋವು ಕೊಡುತ್ತದೆ, ಅದಕ್ಕೇ ಕೇಳಿದವರಿಗೆಲ್ಲ ಹೇಳುತ್ತೇನೆ: ಎರೆ ಮಣ್ಣಿನಲ್ಲಿ ಗುಂಡಿ ತೋಡಬೇಡಿ, ನೆಲದ ಮೇಲೆ ಒಂದೂವರೆ ಅಡಿ ಎತ್ತರ, ಐದು ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಬೆಳಗಾವಿಯ ನಿಮ್ಮ ಹಿತ್ತಲಿನಲ್ಲಿ ಕೆಂಪು ಮಣ್ಣಿದ್ದರೆ ಎರಡು ಅಡಿ ಗುಂಡಿ ಸಾಕು, ಆದರೆ ಜುಲೈ ತಿಂಗಳ ಮಳೆ ನಿಮ್ಮಲ್ಲಿ ಜೋರಾಗಿರುವುದರಿಂದ ಬುಡ ಸುತ್ತಲಿಗಿಂತ ಅರ್ಧ ಅಡಿಯಾದರೂ ಎತ್ತರದಲ್ಲಿರಲಿ. ಕಸಿ ಗಂಟು ಯಾವ ಕಾರಣಕ್ಕೂ ಮಣ್ಣಿನೊಳಗೆ ಹೋಗಬಾರದು.

ಸುಣ್ಣದಂಶ ಹೆಚ್ಚಿರುವ ಎರೆ ಮಣ್ಣಿನಲ್ಲಿ ಎಲೆಯ ನರ ಮಾತ್ರ ಹಸಿರಾಗಿ ಉಳಿದು ಉಳಿದ ಭಾಗ ಹಳದಿಯಾಗುವುದನ್ನು ಕಾಣುತ್ತೀರಿ, ಅದು ಕಬ್ಬಿಣದಂಶ ಬೇರಿಗೆ ಸಿಗದಿರುವುದರ ಗುರುತು. ಪೀಚ್ ಮತ್ತು ಬಾದಾಮಿಯ ಮಿಶ್ರತಳಿಯಾದ ಜಿಎಫ್–677 ಬೇರುಸಸಿ (ಕಸಿಗೆ ಬೇರು ಒದಗಿಸುವ ಸಸಿ) ಇದನ್ನು ತಾಳಿಕೊಳ್ಳುತ್ತದೆ. ದಾಳಿಂಬೆ ತೋಟಗಳನ್ನು ಕಾಡುವ ಬೇರುಗಂಟು ಜಂತುಹುಳು ಪೀಚನ್ನೂ ಬಿಡುವುದಿಲ್ಲ, ಅಂಥ ನೆಲಕ್ಕೆ ನೆಮಾಗಾರ್ಡ್ ಬೇರುಸಸಿಯ ಮೇಲೆ ಕಟ್ಟಿದ ಕಸಿ ಕೇಳಿ ತರಿಸಿ. ಉತ್ತರದ ನರ್ಸರಿಗಳು ಡಿಸೆಂಬರ್, ಜನವರಿಯಲ್ಲಿ ಮಣ್ಣಿಲ್ಲದ ಬರಿ ಬೇರಿನ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸುತ್ತವೆ. ಬಂದ ದಿನವೇ ಬೇರನ್ನು ನಾಲ್ಕು ತಾಸು ನೀರಿನಲ್ಲಿ ನೆನೆಸಿ ನೆಡಿ. ತಳಿ ಮತ್ತು ಬೇರುಸಸಿಯ ಹೆಸರು ಬರೆದ ಚೀಟಿ ಇಲ್ಲದ ಸಸಿಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ನೆಟ್ಟ ಕೂಡಲೇ ಸಸಿಯನ್ನು ನೆಲದಿಂದ ಎರಡು, ಎರಡೂವರೆ ಅಡಿ ಎತ್ತರಕ್ಕೆ ಕತ್ತರಿಸಬೇಕು, ಕೈ ನಡುಗಿದರೂ ಕತ್ತರಿಸಿ. ಬರುವ ಚಿಗುರುಗಳಲ್ಲಿ ಸುತ್ತಲೂ ಹರಡಿದ ಮೂರು ಅಥವಾ ನಾಲ್ಕನ್ನು ಉಳಿಸಿ, ನಡುವೆ ಬಿಸಿಲು ಬೀಳುವಂತೆ ಬಟ್ಟಲಿನ ಆಕಾರ ಕೊಡಿ. ಮುಂದಿನ ವರ್ಷಗಳ ಸವರುವಿಕೆಗೆ ಒಂದೇ ಸಂಗತಿ ನೆನಪಿದ್ದರೆ ಸಾಕು: ಈ ಗಿಡದಲ್ಲಿ ಹಣ್ಣು ಬರುವುದು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ ಮಾತ್ರ, ಹಣ್ಣು ಬಿಟ್ಟ ಕಡ್ಡಿ ಮತ್ತೆ ಬಿಡುವುದಿಲ್ಲ. ಸೀಸದ ಕಡ್ಡಿಯಷ್ಟು ದಪ್ಪದ ಕೆಂಪು ಛಾಯೆಯ ಕಡ್ಡಿಗಳಲ್ಲಿ ಒಂದೊಂದು ಗಿಣ್ಣಿಗೆ ಮೂರು ಮೊಗ್ಗು ಜೋಡಿಯಾಗಿರುವುದನ್ನು ನೋಡಿ, ನಡುವಿನ ಚೂಪು ಮೊಗ್ಗು ಎಲೆಯದು, ಎರಡು ಬದಿಯ ಉಬ್ಬಿದ ಮೊಗ್ಗು ಹೂವಿನದು. ಅಂಥ ಕಡ್ಡಿಗಳನ್ನು ಉಳಿಸಿ, ಹಣ್ಣು ಕೊಟ್ಟು ಮುಗಿದವನ್ನೂ ಒಳಮುಖದವನ್ನೂ ತೆಗೆಯಿರಿ. ಮುಂದಿನ ವರ್ಷದ ಹೂಮೊಗ್ಗು ಮೂಡುವುದು ಕೊಯ್ಲಿನ ನಂತರದ ಮಳೆಗಾಲದಲ್ಲಿ. ಆದ್ದರಿಂದ ಹಣ್ಣು ಮುಗಿಯಿತೆಂದು ಗಿಡವನ್ನು ಮರೆಯಬೇಡಿ, ತಿಪ್ಪೆಗೊಬ್ಬರ ಮತ್ತು ಬೇವಿನ ಹಿಂಡಿ ಕೊಡಬೇಕಾದ ಹೊತ್ತು ಅದೇ.

ಕಾಯಿ ಕಟ್ಟಿದ ವರ್ಷ, ಅವು ಗೋಲಿಯಷ್ಟಾದಾಗ ಕಡ್ಡಿಯ ಮೇಲೆ ಗೇಣಿಗೆ ಒಂದೂವರೆ, ಅಂದರೆ ಸುಮಾರು 15 ಸೆಂಟಿಮೀಟರಿಗೆ ಒಂದರಂತೆ ಉಳಿಸಿ ಮಿಕ್ಕವನ್ನು ಕಿತ್ತುಹಾಕಿ. ಬಹಳ ಜನ ಇದನ್ನು ಮಾಡಲಾರರು, ಎಲ್ಲವನ್ನೂ ಬಿಟ್ಟು ಲಿಂಬೆಕಾಯಿ ಗಾತ್ರದ ಹುಳಿ ಹಣ್ಣು ತಿನ್ನುತ್ತಾರೆ. ಬೇಸಿಗೆಯಲ್ಲಿ ಮೂರು ವರ್ಷದ ಗಿಡಕ್ಕೆ ವಾರಕ್ಕೆ ಎರಡು ಮೂರು ಸಲ 30–40 ಲೀಟರ್ ನೀರು, ಬುಡದ ಸುತ್ತ ಕಬ್ಬಿನ ರವದಿಯ ಹೊದಿಕೆ, ಕಾಂಡಕ್ಕೆ ತಿಳಿ ಸುಣ್ಣ, ಇಷ್ಟು ಬೇಕು.

ಕೀಟಗಳಲ್ಲಿ ಮೊದಲನೆಯದು ಹಣ್ಣು ನೊಣ. ಕಾಯಿಯ ಬಣ್ಣ ತಿರುಗುವ ಮೂರು ವಾರ ಮುಂಚೆಯೇ ಮಿಥೈಲ್ ಯೂಜಿನಾಲ್ ಮೋಹಕ ಬಲೆ ತೂಗುಹಾಕಿ. ಅದು ಗಂಡು ನೊಣಗಳನ್ನಷ್ಟೇ ಹಿಡಿಯುವುದರಿಂದ ಅದೊಂದನ್ನೇ ನಂಬದೆ, ಬಟ್ಟೆಯ ಚೀಲದಿಂದ ಹಣ್ಣುಗಳನ್ನು ಮುಚ್ಚಿ, ಗಿಳಿ ಮತ್ತು ಅಳಿಲುಗಳಿಂದಲೂ ರಕ್ಷಣೆಯಾಗುತ್ತದೆ. ಮಳೆಗಾಲದಲ್ಲಿ ಎಲೆಯ ಕೆಳಗೆ ಕಂದು ಪುಡಿಯಂತೆ ಕಾಣುವ ತುಕ್ಕು ರೋಗ ಬೆಳಗಾವಿಯ ಹವೆಗೆ ಬರುವಂಥದ್ದು. ಅದರಿಂದ ಆಗಸ್ಟ್, ಸೆಪ್ಟೆಂಬರಿನಲ್ಲಿಯೇ ಎಲೆ ಉದುರಿದರೆ ಗಿಡ ಅಕಾಲದಲ್ಲಿ ಹೂ ಬಿಟ್ಟು ಬೆಳೆ ಕೈತಪ್ಪುತ್ತದೆ. ಗಾಳಿಯಾಡುವಂತೆ ಸವರಿ, ನೀರಿನಲ್ಲಿ ಕರಗುವ ಗಂಧಕವನ್ನು ಸಿಂಪಡಿಸಿ. ಬೋರ್ಡೋ ದ್ರಾವಣವನ್ನು ಎಲೆ ಇರುವಾಗ ಸಿಂಪಡಿಸಬಾರದು, ತಾಮ್ರಕ್ಕೆ ಪೀಚ್ ಎಲೆ ಸುಟ್ಟು ತೂತು ಬೀಳುತ್ತದೆ. ಎಲೆ ತೆಗೆದ ಡಿಸೆಂಬರಿನಲ್ಲಿ ಮಾತ್ರ, 10 ಲೀಟರ್ ನೀರಿಗೆ ಮೈಲುತುತ್ತ ಮತ್ತು ಸುಣ್ಣ ತಲಾ 100 ಗ್ರಾಂ ಪ್ರಮಾಣದಲ್ಲಿ ಮಾಡಿಕೊಳ್ಳಿ. ಓಟೆಯೊಳಗಿನ ಬೀಜವನ್ನು ಬಾದಾಮಿಯೆಂದು ಮಕ್ಕಳು ಜಗಿಯದಂತೆ ನೋಡಿಕೊಳ್ಳಿ, ಅದರಲ್ಲಿಯೂ ಸಯನೈಡ್ ಬಿಡುವ ವಸ್ತುವಿದೆ.

ವಿಜಯಪುರದ ನಿಮ್ಮ ತಂಗಿಗೆ ನೆಕ್ಟರಿನ್ ಸಸಿ ಕೊಡಬೇಡಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಹೂ ತರಿಸಿದರೂ, ಕಾಯಿ ಬಲಿಯುವ ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಣ್ಣು ಗಿಡದ ಮೇಲೆಯೇ ಬೇಯುತ್ತದೆ. ಅಲ್ಲಿಯ ಎರೆ ಮಣ್ಣಿಗೂ ಬಿಸಿಲಿಗೂ ಅಂಜೂರ, ಸೀತಾಫಲ, ಕಸಿ ಬಾರೆ, ಇಂಡಿ ಭಾಗದ ಲಿಂಬೆ ಇವು ಒಗ್ಗಿಕೊಂಡಿವೆ. ಅಂಜೂರ ನೆಟ್ಟರೆ ಎರಡನೆಯ ವರ್ಷವೇ ಮನೆಮಂದಿ ತಿನ್ನುವಷ್ಟು ಹಣ್ಣು ಸಿಗುತ್ತದೆ.

ಇನ್ನು ನಿಮ್ಮ ಒಂಬತ್ತು ಅಡಿ ಗಿಡ. ನಾಲ್ಕು ವರ್ಷದಲ್ಲಿ ಅದರ ಬೇರು ನಿಮ್ಮ ಮಣ್ಣಿಗೆ ಒಗ್ಗಿದೆ, ಅದನ್ನೇ ಬೇರುಸಸಿಯಾಗಿ ಬಳಸಿಕೊಳ್ಳಿ. ಬರುವ ಡಿಸೆಂಬರಿನಲ್ಲಿ ಹೊಸ ಫ್ಲೋರ್ಡಾಪ್ರಿನ್ಸ್ ಸಸಿಯನ್ನು ಬೇರೆ ಜಾಗದಲ್ಲಿ ನೆಡಿ. ಮುಂದಿನ ಫೆಬ್ರವರಿಯಲ್ಲಿ ಹಳೆಯ ಗಿಡದ ಮುಖ್ಯ ಕೊಂಬೆಗಳನ್ನು ಮೂರು ಅಡಿಗೆ ಕತ್ತರಿಸಿ ಹೊಸ ಚಿಗುರು ಬರಿಸಿ, ಒಂದು ಕೊಂಬೆಯನ್ನು ಮಾತ್ರ ಎಲೆಸಹಿತ ಹಾಗೆಯೇ ಬಿಡಿ, ಬೇರಿಗೆ ಊಟ ಸಿಗುತ್ತಿರಲಿ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಕಸಿ ಕೊಳೆಯುತ್ತದೆ. ಸೆಪ್ಟೆಂಬರಿನಲ್ಲಿ ಮಳೆ ಹೊರಪಾದ ಮೇಲೆ, ತೊಗಟೆ ಸಲೀಸಾಗಿ ಬಿಡುತ್ತಿರುವಾಗ, ಹೊಸ ಸಸಿಯ ಬಲಿತ ಕಡ್ಡಿಯಿಂದ ಕಣ್ಣು ತೆಗೆದು ಈ ಚಿಗುರುಗಳಿಗೆ ಕಣ್ಣು ಕಸಿ ಕಟ್ಟಿ. ಹೆಚ್ಚು ಚಳಿ ಬೇಡುವ ಬೇರಿನ ಪ್ರಭಾವ ಮೇಲಿನ ತಳಿಯ ಮೇಲೆ ಸ್ವಲ್ಪ ಇದ್ದೇ ಇರುತ್ತದೆ, ಹೂ ಕೆಲವು ದಿನ ತಡವಾಗಬಹುದು, ಆದರೆ ಎಚ್ಚರಗೊಳ್ಳುವ ಮೊಗ್ಗು ಫ್ಲೋರ್ಡಾಪ್ರಿನ್ಸಿನದೇ ಆಗಿರುತ್ತದೆ. ಕಸಿ ಕಟ್ಟುವ ಕೈಚಳಕ ನಿಮಗಿಲ್ಲದಿದ್ದರೆ ಗೋಕಾಕ ಬಳಿಯ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿಚಾರಿಸಿ. ಮೂರು ನಾಲ್ಕು ವಾರದಲ್ಲಿ ಕಣ್ಣು ಹಸಿರಾಗಿ ಉಳಿದು, ಅದರ ಹಳೆಯ ಎಲೆತೊಟ್ಟು ಮುಟ್ಟಿದೊಡನೆ ಕಳಚಿ ಬಿದ್ದರೆ ಕಸಿ ಹಿಡಿದಿದೆ. ಆಮೇಲೆ ಪಟ್ಟಿಯನ್ನು ಸಡಿಲಿಸಿ, ಕಣ್ಣು ಚಿಗುರಿ ಒಂದು ಗೇಣು ಬೆಳೆದ ಮೇಲೆ ಎಲೆ ಬಿಟ್ಟಿದ್ದ ಆ ಹಳೆಯ ಕೊಂಬೆಯನ್ನು ತೆಗೆದುಬಿಡಿ.